ತಿಮಿಂಗಿಲದ ಬಾಲದ ಮೇಲೆ ನಿಂತ ಮೆಟ್ರೋ: ಫೋಟೋ ನಿಜಾನಾ? ಅಪ್ಪ ಹೋಗುವುದೇ ಇಲ್ಲ ಅನ್ನುತ್ತಿದ್ದಾರೆ

ನವನಗರದವ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಣ್ಣ ಮೂರು ವರ್ಷದಿಂದ ನೆದರ್‌ಲ್ಯಾಂಡ್ಸ್‌ನಲ್ಲಿದ್ದಾನೆ. ಕೆಲಸ ರಾಟರ್‌ಡ್ಯಾಮ್‌ನಲ್ಲಿ, ಮನೆ ಪಕ್ಕದ ಸ್ಪೈಕೆನಿಸ್ಸೆ ಅನ್ನುವ ಊರಲ್ಲಿ. ಅವನಿಗೆ ಮಗಳು ಹುಟ್ಟಿದ್ದಾಳೆ. ಅಪ್ಪ, ಅವ್ವ ಇಬ್ಬರೂ ಹೋಗಿ ಎರಡು ತಿಂಗಳು ಇದ್ದು ಬರಲಿ ಅಂತ ಎಲ್ಲ ತಯಾರಿ ಆಗಿತ್ತು. ವೀಸಾ ಬಂತು, ಟಿಕೆಟ್ ಆಯ್ತು. ಅವ್ವ ತನ್ನ ಹಳೇ ಇಳಕಲ್ ಸೀರೆಗಳನ್ನೆಲ್ಲ ತೆಗೆದು ಕೂಸಿಗೆ ಅಂತ ಪುಟ್ಟ ಕೌದಿ ಹೊಲಿದಿಟ್ಟಿದ್ದಾಳೆ.

ಅಷ್ಟರಲ್ಲಿ ಮನೆಯ ವಾಟ್ಸಾಪ್ ಗ್ರೂಪಿಗೆ ಕಾಕಾ ಒಂದು ಫೋಟೋ ಹಾಕಿದರು. ಎತ್ತರದ ಕಟ್ಟೆಯ ಮೇಲೆ ಓಡುವ ಮೆಟ್ರೋ, ಹಳಿ ಮುಗಿದ ಮೇಲೂ ಮುಂದಕ್ಕೆ ಬಂದು ಗಾಳಿಯಲ್ಲಿ ನಿಂತಿದೆ. ಕೆಳಗೆ ನೀರು. ರೈಲಿನ ಮುಂಭಾಗವನ್ನು ದೊಡ್ಡದೊಂದು ತಿಮಿಂಗಿಲದ ಬಾಲ ಎತ್ತಿ ಹಿಡಿದಿದೆ. ಯಾರೋ ಕಂಪ್ಯೂಟರಲ್ಲಿ ಮಾಡಿದ್ದಿರಬೇಕು ಅಂತ ನಾನು ಸುಮ್ನಾದೆ. ಆದರೆ ಅಣ್ಣ ಅಲ್ಲೇ ಉತ್ತರ ಬರೆದುಬಿಟ್ಟ: "ಅಪ್ಪಾ, ಇದು ನಮ್ಮ ಮನೆ ಹತ್ತಿರದ ಸ್ಟೇಷನ್ನೇ. ಡೆ ಆಕರ್ಸ್."

ಅವತ್ತಿನಿಂದ ಅಪ್ಪನದು ಒಂದೇ ಮಾತು. "ನೀವು ಹೋಗಿ ಬರ್ರಿ, ನಾ ಒಲ್ಲೆ."

ಅಪ್ಪ ಹೆದರುಕುಳಿ ಅಲ್ಲ. ಮೂವತ್ತೈದು ವರ್ಷ ಹಳ್ಳಿ ಶಾಲೆಗಳಲ್ಲಿ ಗಣಿತ ಕಲಿಸಿದವರು, ಮಳೆಗಾಲದಲ್ಲಿ ಹಳ್ಳ ದಾಟಿಕೊಂಡು ಶಾಲೆಗೆ ಹೋದವರು. ಆದರೆ ನಮ್ಮ ಹಳೇ ಮನೆ, ಹೊಲ ಎರಡೂ ಆಲಮಟ್ಟಿ ಹಿನ್ನೀರಿಗೆ ಹೋದವು. ಅದಾದ ಮೇಲೆ ನೀರು ಅಂದರೆ ಅವರಿಗೆ ಏನೋ ಒಂದು ಇದೆ, ಬಾಯಿಬಿಟ್ಟು ಹೇಳುವುದಿಲ್ಲ. ರಾತ್ರಿ ಊಟ ಆದ ಮೇಲೆ ಕನ್ನಡಕ ಹಾಕಿಕೊಂಡು ಆ ಫೋಟೋ ತೆಗೆಯುತ್ತಾರೆ. ಎರಡು ಬೆರಳಿಂದ ದೊಡ್ಡದು ಮಾಡಿ ಮುಂದಿನ ಗಾಜನ್ನೇ ನೋಡುತ್ತಾರೆ. ಒಳಗೆ ಯಾರಾದರೂ ಕಾಣುತ್ತಾರಾ ಅಂತ ಹುಡುಕುತ್ತಿದ್ದಾರೆ ಅಂತ ನನಗೆ ಮೊನ್ನೆ ಗೊತ್ತಾಯ್ತು.

ಅಲ್ಲಿ ಇದ್ದವರು, ರೈಲು ಗೊತ್ತಿದ್ದವರು ಯಾರಾದರೂ ಹೇಳಿ. ಇದು ನಿಜವಾಗಿ ಆದದ್ದೇ? ಒಳಗೆ ಜನ ಇದ್ದರಾ? ಅಷ್ಟು ಎತ್ತರದಲ್ಲಿ, ನೀರಿನ ಪಕ್ಕ ಸ್ಟೇಷನ್ ಯಾಕೆ ಕಟ್ಟಿದರು? ಅವ್ವನಿಗೆ ಮಂಡಿ ನೋವು ಬೇರೆ, ಮೆಟ್ಟಿಲು ಜಾಸ್ತಿ ಇದ್ದರೆ ಕಷ್ಟ. ಅಣ್ಣನ ಹತ್ತಿರ ಕಾರಿಲ್ಲ, ಎಲ್ಲಿಗೆ ಹೋದರೂ ಇದೇ ಮೆಟ್ರೋ.

ಜಮಖಂಡಿ ಮಗಳು

ತಮ್ಮಾ, ನಾನು ಅದೇ ಊರಲ್ಲಿ ಆರು ವರ್ಷದಿಂದ ಇದ್ದೇನೆ. ಫೋಟೋ ನಿಜ. ಆದದ್ದು 2020ರ ನವೆಂಬರ್ 2ರಂದು, ಮಧ್ಯರಾತ್ರಿ ಕಳೆದ ಮೇಲೆ. ಮೊದಲು ಅಪ್ಪಾಜಿಗೆ ಒಂದು ಮಾತು ಹೇಳಿಬಿಡಿ: ಒಳಗೆ ಪ್ರಯಾಣಿಕರು ಒಬ್ಬರೂ ಇರಲಿಲ್ಲ. ಇದ್ದದ್ದು ಚಾಲಕ ಒಬ್ಬನೇ. ಅವನಿಗೂ ಗಾಯ ಆಗಲಿಲ್ಲ. ಅವರು ಆ ಗಾಜಿನಲ್ಲಿ ಹುಡುಕುತ್ತಿರುವ ಮನುಷ್ಯ ಹುಷಾರಾಗಿ ಹೊರಗೆ ಬಂದ.

ಪ್ರಯಾಣಿಕರು ಯಾಕೆ ಇರಲಿಲ್ಲ ಅಂದರೆ, ಡೆ ಆಕರ್ಸ್ ಕೊನೇ ನಿಲ್ದಾಣ. ಸಿ ಮತ್ತು ಡಿ ಅನ್ನುವ ಎರಡು ಲೈನ್ ಅಲ್ಲಿಗೆ ಮುಗಿಯುತ್ತವೆ. ಅಲ್ಲಿ ಎಲ್ಲರೂ ಇಳಿಯಬೇಕು. ಪ್ಲಾಟ್‌ಫಾರ್ಮ್ ದಾಟಿದ ಮೇಲೆ ಹಳಿ ಇನ್ನೂ ಸ್ವಲ್ಪ ಮುಂದಕ್ಕೆ ಹೋಗುತ್ತದೆ, ಅದು ಖಾಲಿ ರೈಲು ನಿಲ್ಲೋದಕ್ಕೆ, ತಿರುಗೋದಕ್ಕೆ. ಫೋಟೋದಲ್ಲಿ ಇರುವುದು ಆ ತುದಿ. ನಾನು ಆರು ವರ್ಷದಲ್ಲಿ ಅಲ್ಲಿಗೆ ಒಂದು ಸಲವೂ ರೈಲಲ್ಲಿ ಹೋಗಿಲ್ಲ, ಹೋಗಲು ಬಿಡುವುದೂ ಇಲ್ಲ.

ರೈಲು ಕೊನೆಯ ತಡೆಯನ್ನು ಮುರಿದುಕೊಂಡು ಹೋಯಿತು. ಕೆಳಗೆ ಸುಮಾರು 10 ಮೀಟರ್ ಆಳಕ್ಕೆ ಬೀಳಬೇಕಿತ್ತು. ಹಳಿಯ ತುದಿಯಲ್ಲಿ ಎರಡು ತಿಮಿಂಗಿಲದ ಬಾಲಗಳ ಶಿಲ್ಪ ಇದೆ, ನೀರಿನಿಂದ ಎದ್ದು ಬಂದ ಹಾಗೆ. 2002ರಲ್ಲಿ ನಿಲ್ಲಿಸಿದ್ದು, ಮಾರ್ಟನ್ ಸ್ಟ್ರೌಸ್ ಅನ್ನುವ ವಾಸ್ತುಶಿಲ್ಪಿ ಮಾಡಿದ್ದು. ಕಲ್ಲಲ್ಲ, ಕಬ್ಬಿಣವಲ್ಲ, ಪಾಲಿಯೆಸ್ಟರ್. ಅದರಲ್ಲಿ ಒಂದು ಬಾಲ ಆ ಬೋಗಿಯನ್ನು ಹೊತ್ತು ನಿಂತಿತು. ಅದು ಇಷ್ಟು ಗಟ್ಟಿ ಇದೆ ಅಂತ ಮಾಡಿದವರಿಗೇ ಅಚ್ಚರಿ ಆಯ್ತು. ಮಾರನೇ ದಿನ ಕ್ರೇನ್ ತಂದು ಬೋಗಿಯನ್ನು ಇಳಿಸಿದರು. ಆಗ ಕೊರೋನಾ ಕಾಲ, ನೋಡಲು ಗುಂಪು ಸೇರಬೇಡಿ ಅಂತ ಹೇಳುತ್ತಿದ್ದರು. ನಾನು ದೂರದಿಂದ ಸೈಕಲ್ ನಿಲ್ಲಿಸಿ ನೋಡಿದೆ. ಕೈ ನಡುಗಿದ್ದು ನಿಜ, ಯಾಕಂದರೆ ನಾನೂ ದಿನಾ ಅದೇ ರೈಲಲ್ಲಿ ಕೆಲಸಕ್ಕೆ ಹೋಗುವವಳು.

ಅವ್ವನ ಮಂಡಿ ಬಗ್ಗೆ ಚಿಂತೆ ಬೇಡ. ಲಿಫ್ಟ್ ಇದೆ. ಪ್ಲಾಟ್‌ಫಾರ್ಮ್ ಮತ್ತು ರೈಲಿನ ನೆಲ ಒಂದೇ ಮಟ್ಟ, ನಮ್ಮ ಪ್ಯಾಸೆಂಜರ್ ಗಾಡಿ ಹತ್ತುವ ಹಾಗೆ ಕಾಲೆತ್ತಿ ಇಡಬೇಕಿಲ್ಲ. ನಮ್ಮವ್ವ ಬಂದಾಗ ಸೀರೆ ನೆರಿಗೆ ಹಿಡಿದುಕೊಂಡು ನಿಂತಿದ್ದಳು, ಬಾಗಿಲು ತೆರೆದರೆ ಮನೆ ಹೊಸ್ತಿಲಿಗಿಂತ ಸಲೀಸು. ಕಷ್ಟ ಅಂದರೆ ಗಾಳಿ. ಮೇಲೆ ಬಯಲು ಗಾಳಿ ನೇರ ಕಿವಿಗೆ ಹೊಡೆಯುತ್ತದೆ. ಕಿವಿ ಮುಚ್ಚುವ ಟೊಪ್ಪಿಗೆ, ಶಾಲು ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿನಲ್ಲಿ ಅಲ್ಲ.

ಇನ್ನೊಂದು ಮಾತು. ಆಕರ್ ಅಂದರೆ ಡಚ್ ಭಾಷೆಯಲ್ಲಿ ಉಳುವ ಹೊಲ. ಡೆ ಆಕರ್ಸ್ ಅಂದರೆ 'ಹೊಲಗಳು'. ಆ ಸ್ಟೇಷನ್ನಿನ ಹೆಸರು ಅದು.

ಹಳೇ ಲೋಕೋ ಪೈಲಟ್ (ವಿಜಯಪುರ)

ಮಾಸ್ತರರಿಗೆ ನನ್ನ ನಮಸ್ಕಾರ ತಿಳಿಸಪ್ಪಾ. ನಾನು ಮೀಟರ್ ಗೇಜ್ ಕಾಲದಿಂದ ಈ ಗದಗ-ಹೋಟಗಿ ಲೈನಿನಲ್ಲಿ ಗಾಡಿ ಓಡಿಸಿದವನು, ಈಗ ನಿವೃತ್ತಿ.

ಹಳಿ ಮುಗಿಯುವ ಜಾಗಕ್ಕೆ ನಾವು ಡೆಡ್ ಎಂಡ್ ಅನ್ನುತ್ತೇವೆ. ಅಲ್ಲಿ ಗಾಡಿ ತಾಗಿ ನಿಲ್ಲುವ ತಡೆ ಇರುತ್ತದೆ, ಅದಕ್ಕೆ ಬಫರ್ ಅನ್ನುತ್ತೇವೆ. ನೆಲದ ಮೇಲಿನ ಯಾರ್ಡ್ ಆದರೆ ಮರಳಿನ ದಿಬ್ಬ ಹಾಕಬಹುದು, ಗಾಲಿ ಅದರಲ್ಲಿ ಹೂತು ನಿಲ್ಲುತ್ತದೆ. ಮೇಲ್ಸೇತುವೆ ಮೇಲೆ ಮರಳಿಗೆ ಜಾಗ ಎಲ್ಲಿದೆ? ಅಲ್ಲಿ ಬಫರೇ ಗತಿ. ಬಫರ್ ಮಾಡಿರುವುದು ನಿಧಾನಕ್ಕೆ ಬಂದು ತಾಗುವ ಗಾಡಿಗೆ. ವೇಗ ಎರಡರಷ್ಟಾದರೆ ಹೊಡೆತ ನಾಲ್ಕರಷ್ಟು, ಇದನ್ನು ಗಣಿತದ ಮಾಸ್ತರರಿಗೆ ನಾನು ಹೇಳಬೇಕಿಲ್ಲ. ಅದಕ್ಕೇ ಡೆಡ್ ಎಂಡ್ ಕಡೆ ಹೋಗುವಾಗ ಚಾಲಕನ ಕೈ ಬ್ರೇಕ್ ಮೇಲೇ ಇರುತ್ತದೆ, ಉಸಿರೂ ಮೆಲ್ಲಗೆ. ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಖಾಲಿ ಗಾಡಿ ನಿಲ್ಲಿಸುವುದು ಎಷ್ಟು ಸೂಕ್ಷ್ಮದ ಕೆಲಸ ಅಂತ ಹೊರಗಿನವರಿಗೆ ತಿಳಿಯುವುದಿಲ್ಲ. ಆ ಚಾಲಕ ಬದುಕಿದ ಅಂತ ಓದಿ ನನಗೆ ಇವತ್ತಿಗೂ ಸಮಾಧಾನ.

ನಾನು ಹೇಳುವುದು ಇಷ್ಟು. ಪ್ಯಾಸೆಂಜರ್ ಇರುವ ಹಳಿ ಬೇರೆ, ಖಾಲಿ ಗಾಡಿ ಸರಿಸಿ ನಿಲ್ಲಿಸುವ ಶಂಟಿಂಗ್ ಹಳಿ ಬೇರೆ. ಮೇಲಿನ ಅಕ್ಕ ಅದನ್ನು ಸರಿಯಾಗಿ ಬಿಡಿಸಿ ಹೇಳಿದ್ದಾರೆ.

ಮಾಸ್ತರರನ್ನು ಒಂದು ಕೇಳಿ ನೋಡಪ್ಪಾ. ಬಾಗಲಕೋಟೆಯಿಂದ ವಿಜಯಪುರಕ್ಕೆ ರೈಲಲ್ಲಿ ಎಷ್ಟು ಸಲ ಬಂದಿದ್ದಾರೆ? ಕೃಷ್ಣಾ ದಾಟದೆ ಬರಲು ದಾರಿ ಇಲ್ಲ. ಮಳೆಗಾಲ ಮುಗಿದ ಮೇಲೆ ಆ ಸೇತುವೆ ಮೇಲೆ ಎಡಕ್ಕೂ ನೀರು, ಬಲಕ್ಕೂ ನೀರು. ಕಿಟಕಿಯಲ್ಲಿ ನೋಡಿದರೆ ಹಳಿಯೂ ಕಾಣುವುದಿಲ್ಲ, ನೀರಿನ ಮೇಲೆ ತೇಲಿದ ಹಾಗೆ. ಆಗ ಅವರು ಚುರುಮುರಿ ತಿನ್ನುತ್ತಾ ಕೂತಿದ್ದರಲ್ಲ? ಅಲ್ಲಿನ ಮೆಟ್ರೋ ಪೂರ್ತಿ ಕಂಬದ ಮೇಲೇ ಓಡುತ್ತದೆ ಅಂತ ಕಾಣುತ್ತದೆ, ಅಷ್ಟೇ ವ್ಯತ್ಯಾಸ.

ಬೆಳಗಾವಿ ಸಿವಿಲ್

ಕಾಕಾ, ಬಫರ್ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಕೊನೇ ಸಾಲು ಮಾತ್ರ ಸ್ವಲ್ಪ ತಿದ್ದುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅಲ್ಲಿನ ಮೆಟ್ರೋ ಪೂರ್ತಿ ಮೇಲೆ ಇಲ್ಲ. ನಾನು ಎರಡು ವರ್ಷ ಪಕ್ಕದ ಡೆಲ್ಫ್ಟ್‌ನಲ್ಲಿ ಓದಿದೆ, ರಜೆ ಇದ್ದಾಗಲೆಲ್ಲ ಈ ಲೈನಿನಲ್ಲಿ ಸುಮ್ನೆ ಕೂತು ತುದಿಯಿಂದ ತುದಿಗೆ ಹೋಗಿ ಬಂದಿದ್ದೇನೆ.

ರಾಟರ್‌ಡ್ಯಾಮ್ ಮೆಟ್ರೋ ಶುರುವಾದದ್ದು 1968ರ ಫೆಬ್ರವರಿ 9ರಂದು. ಆ ದೇಶದ ಮೊದಲ ಮೆಟ್ರೋ ಅದೇ. ಆಗ ಇದ್ದದ್ದು ಬರೀ ಆರು ಕಿಲೋಮೀಟರ್ ಹತ್ತಿರ, ಸೆಂಟ್ರಲ್ ಸ್ಟೇಷನ್ನಿನಿಂದ ಜೌಡ್‌ಪ್ಲೈನ್ ತನಕ. ನಡುವೆ ನ್ಯೂವೆ ಮಾಸ್ ಅನ್ನುವ ದೊಡ್ಡ ನದಿ. ಉತ್ತರ ದಡದಲ್ಲಿ ನೆಲದ ಕೆಳಗೆ, ದಕ್ಷಿಣ ದಡದಲ್ಲಿ ಕಂಬದ ಮೇಲೆ. ರೈನ್‌ಹಾವನ್, ಮಾಸ್‌ಹಾವನ್, ಜೌಡ್‌ಪ್ಲೈನ್ ಮೂರೂ ಎತ್ತರದ ನಿಲ್ದಾಣಗಳು. ಆಮೇಲೆ ಲೈನ್ ಬೆಳೆಯುತ್ತಾ ಹೋಗಿ 1985ರಲ್ಲಿ ನಿಮ್ಮ ಅಣ್ಣನ ಡೆ ಆಕರ್ಸ್ ತಲುಪಿತು.

ಎತ್ತರ ಯಾಕೆ ಅಂತ ಕೇಳಿದಿರಿ. ಮಣ್ಣು ನೋಡಬೇಕು. ನಮ್ಮ ಬಾಗಲಕೋಟೆ, ವಿಜಯಪುರ ಕಡೆ ಎರೆಮಣ್ಣು ಎಷ್ಟು ಕಾಡುತ್ತದೆ ಗೊತ್ತಲ್ಲ, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ, ಪಾಯ ಆಳ ಹೋಗದಿದ್ದರೆ ಗೋಡೆ ಸೀಳುತ್ತದೆ. ಅಲ್ಲಿ ಕಥೆ ಬೇರೆ. ಮೇಲೆ ಮೆತ್ತನೆಯ ಜೇಡಿ, ಕೊಳೆತ ಗಿಡಗಂಟಿಯ ಕಪ್ಪು ಮಣ್ಣು. ಸ್ವಲ್ಪ ಅಗೆದರೆ ನೀರು. ಗಟ್ಟಿ ಮರಳು ಸಿಗಬೇಕಾದರೆ ಸುಮಾರು 15-20 ಮೀಟರ್ ಇಳಿಯಬೇಕು. ಹಾಗಾಗಿ ಅಲ್ಲಿ ಮನೆಯೂ ಪೈಲ್ ಮೇಲೆ, ಅಂದರೆ ನೆಲದಾಳಕ್ಕೆ ಇಳಿಸಿದ ಕಂಬಗಳ ಮೇಲೆ, ಸೇತುವೆಯೂ ಪೈಲ್ ಮೇಲೆ. ಸುರಂಗ ಅಂದರೆ ವಿಪರೀತ ಖರ್ಚು. ಜಾಗ ಇರುವ ಕಡೆ ಕಂಬ ನಿಲ್ಲಿಸಿ ಮೇಲೆ ಓಡಿಸುವುದು ಅಗ್ಗ. ಕೆಳಗೆ ರಸ್ತೆ, ಸೈಕಲ್ ದಾರಿ, ಕಾಲುವೆ ಯಾವುದಕ್ಕೂ ಅಡ್ಡಿ ಇಲ್ಲ. ಬೆಳಗಾವಿ ಟಿಳಕವಾಡಿಯ ರೈಲ್ವೆ ಗೇಟುಗಳಲ್ಲಿ ಗಾಡಿ ಆಫ್ ಮಾಡಿ ಕಾದು ಬೆಳೆದ ನನಗೆ, ಮೇಲೆ ರೈಲು ಹೋಗುವಾಗ ಕೆಳಗೆ ಮಕ್ಕಳು ನಿಲ್ಲದೆ ಸೈಕಲ್ ತುಳಿಯುವುದನ್ನು ನೋಡಿ ಹೊಟ್ಟೆ ತುಂಬಿತು.

ಊರ ನಡುವೆ ಮಾತ್ರ ಬೇರೆ ದಾರಿ ಇರಲಿಲ್ಲ, ನೆಲದ ಕೆಳಗೇ ಹೋಗಬೇಕಿತ್ತು. ಅದನ್ನು ಹೇಗೆ ಕಟ್ಟಿದರು ಅನ್ನುವುದು ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ. 1940ರ ಮೇ 14ರಂದು ಜರ್ಮನ್ ಬಾಂಬಿಗೆ ಆ ಊರಿನ ನಡುಭಾಗ ಸುಟ್ಟುಹೋಗಿತ್ತು, ಹೊಸದಾಗಿ ಕಟ್ಟುವಾಗ ರಸ್ತೆಗಳನ್ನು ಅಗಲ ಇಟ್ಟಿದ್ದರು. ಆ ರಸ್ತೆಗಳನ್ನೇ ಅಗೆದು ಕಾಲುವೆ ಮಾಡಿದರು. ನೀರು ತುಂಬಿಕೊಂಡಿತು. ಅದನ್ನು ಬಸಿಯಲು ಹೋಗದೆ, ಬೇರೆ ಕಡೆ ಕಾಂಕ್ರೀಟಿನ ಕೊಳವೆಗಳನ್ನು ಕಟ್ಟಿ, ಬಾಯಿ ಮುಚ್ಚಿ, ಆ ನೀರಿನಲ್ಲೇ ತೇಲಿಸಿಕೊಂಡು ಬಂದು, ಜಾಗಕ್ಕೆ ಸರಿಯಾಗಿ ಮುಳುಗಿಸಿ, ಒಂದಕ್ಕೊಂದು ಜೋಡಿಸಿದರು. ನದಿಯ ಕೆಳಗೂ ಇದೇ ರೀತಿ. ನೀರಿನ ಜೊತೆ ಜಗಳ ಆಡಲಿಲ್ಲ, ಅದರ ಕೈಯಲ್ಲೇ ಕೆಲಸ ಮಾಡಿಸಿಕೊಂಡರು.

ನವನಗರದವ (ಬಾಗಲಕೋಟೆ)

ಎಲ್ಲರಿಗೂ ಕೈ ಮುಗಿಯುತ್ತೇನೆ. ಚಾಲಕ ಬದುಕಿದ ಅಂತ ಹೇಳಿದೆ. ಅಪ್ಪ ಫೋನ್ ಕೆಳಗಿಟ್ಟು "ಹೌದಾ?" ಅಂದರು, ಇನ್ನೊಮ್ಮೆ ಕೇಳಿದರು. ಆ ರಾತ್ರಿ ಫೋಟೋ ತೆಗೆಯಲಿಲ್ಲ.

ಆದರೆ ಸಿವಿಲ್ ಸರ್, ನದಿ ಕೆಳಗೆ ಹೋಗುತ್ತದೆ ಅಂದಿರಲ್ಲ, ಅದನ್ನು ಓದಿ ನನಗೇ ಎದೆ ಧಸಕ್ ಅಂತು. ಅಣ್ಣನ ಮನೆಗೆ ಹೋಗುವಾಗಲೂ ಅದೇ ದಾರಿನಾ? ಅಪ್ಪನಿಗೆ ಹೇಳದೆ ಕರೆದುಕೊಂಡು ಹೋದರೆ ಆಗುತ್ತದಾ? ಕೆಳಗೆ ಕತ್ತಲೆ ಇದ್ದರೆ ಅವರಿಗೆ ಗೊತ್ತಾಗುವುದಿಲ್ಲ ಅಲ್ವಾ?

ಜಮಖಂಡಿ ಮಗಳು

ಅದೇ ದಾರಿ. ರಾಟರ್‌ಡ್ಯಾಮ್ ಸೆಂಟ್ರಲ್‌ನಲ್ಲಿ ಡಿ ಲೈನ್ ಹತ್ತಿದರೆ ಲೇವೆಹಾವನ್ ದಾಟಿದ ಮೇಲೆ ನ್ಯೂವೆ ಮಾಸ್ ಕೆಳಗೆ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ರೈನ್‌ಹಾವನ್‌ನಲ್ಲಿ ಒಮ್ಮೆಲೇ ಮೇಲೆ ಬಂದು ಬೆಳಕು. ಆಮೇಲೆ ಜಾಲ್ಮ್‌ಪ್ಲಾಟ್ ಮತ್ತು ಸ್ಪೈಕೆನಿಸ್ಸೆ ಸೆಂಟ್ರಮ್ ನಡುವೆ ಔಡೆ ಮಾಸ್ ಅನ್ನುವ ಇನ್ನೊಂದು ನದಿಯ ಕೆಳಗೆ. ಒಟ್ಟು ಎರಡು ಸಲ. ನಾನು ಬಂದ ಮೊದಲ ತಿಂಗಳು ಇದು ನದಿ ಅಂತ ನನಗೂ ಗೊತ್ತಿರಲಿಲ್ಲ.

ಆದರೂ ಮುಚ್ಚಿಡುವ ಬಗ್ಗೆ ನನಗೆ ಮನಸ್ಸಿಲ್ಲ. ಅಲ್ಲಿಗೆ ಬಂದ ಮೇಲೆ ಯಾರಾದರೂ ಹೇಳೇ ಹೇಳುತ್ತಾರೆ. ಆಗ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ, ಅದು ರೈಲಿನ ಹೆದರಿಕೆಗಿಂತ ಕೆಟ್ಟದ್ದು.

ಕಾರ್ಡಿನ ವಿಷಯ ಹೇಳಿಬಿಡುತ್ತೇನೆ, ಎಲ್ಲರೂ ಇಲ್ಲೇ ಎಡವುತ್ತಾರೆ. ಈಗ ಟಿಕೆಟ್ ತೆಗೆಯಬೇಕಿಲ್ಲ, ತಾಗಿಸುವ ಬ್ಯಾಂಕ್ ಕಾರ್ಡ್ ಸಾಕು. ನಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶ ಬಳಕೆ ಮತ್ತು ತಾಗಿಸಿ ಪಾವತಿ ಎರಡನ್ನೂ ಊರಲ್ಲೇ ಆನ್ ಮಾಡಿಕೊಂಡು ಬರಬೇಕು. ಒಬ್ಬರಿಗೆ ಒಂದು ಕಾರ್ಡ್, ಅಪ್ಪ ಅವ್ವ ಇಬ್ಬರಿಗೂ ಒಂದೇ ನಡೆಯುವುದಿಲ್ಲ. ಹತ್ತುವಾಗ ಯಾವ ಕಾರ್ಡ್ ತಾಗಿಸಿದರೋ ಇಳಿಯುವಾಗ ಅದೇ ಕಾರ್ಡ್. ಇಳಿಯುವಾಗ ಮರೆತರೆ ದುಡ್ಡು ಜಾಸ್ತಿ ಹೋಗುತ್ತದೆ. ಇನ್ನು ಈ ಲೈನಿಗೆ ಕರೆಂಟ್ ಬರುವುದು ಮೇಲಿನ ತಂತಿಯಿಂದ ಅಲ್ಲ, ಹಳಿ ಪಕ್ಕದ ಮೂರನೇ ಹಳಿಯಿಂದ, 750 ವೋಲ್ಟ್. ಏನೇ ಕೆಳಗೆ ಬಿದ್ದರೂ, ಚಪ್ಪಲಿಯೇ ಬಿದ್ದರೂ, ಇಳಿಯಬಾರದು. ನಮ್ಮ ಕಡೆ ಸ್ಟೇಷನ್ನಿನಲ್ಲಿ ಹಳಿ ದಾಟುವ ರೂಢಿ ಇರುವವರಿಗೆ ಇದನ್ನು ಒತ್ತಿ ಹೇಳಬೇಕು.

ಹಳೇ ಲೋಕೋ ಪೈಲಟ್ (ವಿಜಯಪುರ)

ತಿದ್ದಿದ್ದಕ್ಕೆ ಸಂತೋಷ ಸಿವಿಲ್ ಅಪ್ಪಾ, ನನಗೆ ಗೊತ್ತಿರಲಿಲ್ಲ.

ಹೇಳಲೇಬೇಕು ಹುಡುಗಾ. ಮಾಸ್ತರರಿಗೆ ಮೀಟರ್ ಲೆಕ್ಕದಲ್ಲಿ ಹೇಳು. 519.60 ಅನ್ನುವ ಅಂಕಿ ಕಿವಿಗೆ ಬಿದ್ದರೆ ಅದು ಆಲಮಟ್ಟಿ ಜಲಾಶಯ ತುಂಬಿದಾಗಿನ ನೀರಿನ ಮಟ್ಟ ಅಂತ ಬಾಗಲಕೋಟೆಯ ಮಕ್ಕಳಿಗೂ ಗೊತ್ತು. ಯಾರ ಮನೆ ಉಳಿಯಿತು, ಯಾರದು ಹೋಯಿತು ಎಲ್ಲ ಮೀಟರಿನ ಮೇಲೆ ನಿಂತ ಮಾತು. ನೀರಿನ ಮಟ್ಟ ಅಂದರೆ ಏನು ಅಂತ ನಿಮ್ಮ ಅಪ್ಪನಿಗೆ ಯಾರೂ ಕಲಿಸಬೇಕಿಲ್ಲ. ಕಾಣದ್ದಕ್ಕೆ ಅವರಿಗೆ ಭಯ. ಅಳತೆ ಕೊಟ್ಟರೆ ಕಾಣುತ್ತದೆ.

ಬೆಳಗಾವಿ ಸಿವಿಲ್

ಕಾಕಾ ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಇದನ್ನೂ ಹೇಳಿ. ರಾಟರ್‌ಡ್ಯಾಮ್‌ನಿಂದ ಈಶಾನ್ಯಕ್ಕೆ ಸ್ವಲ್ಪ ದೂರದಲ್ಲಿ ಸಮುದ್ರ ಮಟ್ಟಕ್ಕಿಂತ 6.76 ಮೀಟರ್ ಕೆಳಗಿರುವ ಜಾಗ ಇದೆ, ದೇಶದಲ್ಲೇ ಅತಿ ತಗ್ಗು. ಅಲ್ಲಿ ಜನ ಇದ್ದಾರೆ, ಹುಲ್ಲು ಬೆಳೆಯುತ್ತದೆ, ದನ ಮೇಯುತ್ತವೆ. ಒಡ್ಡು ಕಟ್ಟಿ, ಹಗಲೂ ರಾತ್ರಿ ಪಂಪ್ ಮಾಡಿ ನೆಲವನ್ನು ಒಣಗಿಸಿ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ಹೊಲ ಬಿಟ್ಟು ನೀರಿಗೆ ಜಾಗ ಕೊಟ್ಟೆವು, ಅವರು ನೀರನ್ನು ಸರಿಸಿ ಹೊಲ ಮಾಡಿದರು. ಮಾಸ್ತರರು ಅದನ್ನು ಕಣ್ಣಾರೆ ನೋಡಬೇಕು ಅಂತ ನನಗೆ ನಿಜವಾಗಿ ಅನ್ನಿಸುತ್ತದೆ.

ಇನ್ನೊಂದು ಅಣ್ಣನ ಊರಲ್ಲೇ ಇದೆ. ಯೂರೋ ನೋಟಿನ ಹಿಂದೆ ಒಂದೊಂದು ಸೇತುವೆ ಇರುತ್ತದೆ. ಯಾವ ದೇಶದ್ದೂ ಆಗಬಾರದು ಅಂತ ಕಲ್ಪನೆಯಿಂದ ಬರೆದ ಸೇತುವೆಗಳು ಅವು. ಸ್ಪೈಕೆನಿಸ್ಸೆಯವರು ಆ ಏಳನ್ನೂ ನಿಜವಾಗಿ ಕಟ್ಟಿಬಿಟ್ಟಿದ್ದಾರೆ, ನೋಟಿನ ಬಣ್ಣದಲ್ಲೇ. 2013ಕ್ಕೆ ಮುಗಿಯಿತು. ಚಿಕ್ಕ ಚಿಕ್ಕ ಕಾಲುವೆ ಮೇಲಿನ ಚಿಕ್ಕ ಸೇತುವೆಗಳು, ನೋಟು ಕೈಯಲ್ಲಿ ಹಿಡಿದು ಹೋಲಿಸಿ ನೋಡಬಹುದು.

ನವನಗರದವ (ಬಾಗಲಕೋಟೆ)

ನಿನ್ನೆ ರಾತ್ರಿ ಎಲ್ಲ ಹೇಳಿದೆ. ನದಿಯ ಕೆಳಗಿನ ದಾರಿಯನ್ನೂ ಮುಚ್ಚಿಡಲಿಲ್ಲ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಹಳೇ ಕ್ಯಾಲೆಂಡರ್ ತಂದು ಅದರ ಹಿಂದೆ ಗೆರೆ ಎಳೆದರು. ನಡುವೆ ಒಂದು ಗೆರೆ, ಅದು ಸಮುದ್ರ ಅಂತೆ. ಕೆಳಗೆ 6.76 ಅಂತ ಬರೆದರು. ಹಳಿಯ ತುದಿ ಮೇಲೆ ಅಂತ ಬಿಂದು ಇಟ್ಟು, ಅದರ ಕೆಳಗಿನ ನೀರಿಗೆ 10 ಮೀಟರ್ ಅಂತ ಬರೆದರು. ನದಿಯ ಕೆಳಗಿನ ಕೊಳವೆ ಎಷ್ಟು ಆಳದಲ್ಲಿದೆ ಅಂತ ಕೇಳಿದರು, ನನಗೆ ಗೊತ್ತಿಲ್ಲ ಅಂದೆ. "ಅಣ್ಣಗ ಕೇಳು, ಬರೇ ಹಂಗ ಹೇಳಬ್ಯಾಡ, ಅಳತಿ ಬೇಕು" ಅಂದರು.

ಬರುತ್ತೇನೆ ಅಂತ ಇನ್ನೂ ಬಾಯಿಬಿಟ್ಟು ಹೇಳಿಲ್ಲ. ಆದರೆ ಬೆಳಿಗ್ಗೆ ಅವ್ವನಿಗೆ ಹೇಳುತ್ತಿದ್ದದ್ದು ಕೇಳಿಸಿತು: ಹೋದರೆ ಮೊದಲು ಕೆಳಗೆ ನಿಂತು ಆ ಬಾಲ ನೋಡಬೇಕು, ಆಮೇಲೆ ಸ್ಟೇಷನ್ ಹತ್ತುವ ಮಾತು.

ಜಮಖಂಡಿ ಮಗಳು

ಹಾಗೇ ಮಾಡಲಿ. ಸ್ಟೇಷನ್ನಿನಿಂದ ಹೊರಗೆ ಬಂದು ಹಳಿ ಹೋಗುವ ದಿಕ್ಕಿಗೇ ನಡೆದರೆ ನೀರಿನ ಹತ್ತಿರ ಬರುತ್ತೀರಿ, ದೂರ ಇಲ್ಲ, ಅವ್ವನೂ ನಡೆಯಬಹುದು. ಶನಿವಾರ ಅಥವಾ ಭಾನುವಾರ ಇಟ್ಟುಕೊಳ್ಳಿ, ನನಗೂ ರಜೆ. ಅಣ್ಣನ ನಂಬರ್ ಇಲ್ಲಿ ಹಾಕಬೇಡಿ, ನನಗೆ ಪ್ರತ್ಯೇಕ ಸಂದೇಶ ಕಳಿಸಿ. ಅಪ್ಪಾಜಿಗೆ ಕಿವಿ ಟೊಪ್ಪಿಗೆ ಮರೆಯಬೇಡಿ.